ಸಡಿಲ ಬಿಡಬೇಕಾಗಿದ್ದ ತುಂಡು

ಎರಡು ವರ್ಷಗಳ ಹಿಂದೆ ನಾನು ವಾಡಿಯಲ್ಲಿದ್ದುಕೊಂಡು ಸುರಕ್ಷತಾ ಅಧಿಕಾರಿಯಾಗಿ ಕೆಲಸ ಮಾಡುತ್ತಿದ್ದೆ. ಮೆಕ್ಯಾನಿಕಲ್ ಪದವಿ ಮುಗಿದು ಮೂರನೇ ವರ್ಷ. ಚಿತ್ತಾಪುರ, ಶಹಾಬಾದ್, ಸೇಡಂ ಸುತ್ತಲಿನ ಸಣ್ಣ ಘಟಕಗಳ ಕಾರ್ಮಿಕರಿಗೆ ತರಬೇತಿ ಕೊಡುವುದು, ಅಪಘಾತವಾದರೆ ಕಾರಣ ಹುಡುಕಿ ವರದಿ ಬರೆಯುವುದು ನನ್ನ ಪಾಲಿನ ಕೆಲಸ. ಈ ಎರಡನೆಯದರಿಂದ ಯಾರ ಮಾತನ್ನೂ ಒಮ್ಮೆಲೇ ನಂಬದ ಅಭ್ಯಾಸ ಬೆಳೆದಿತ್ತು.

ಶಹಾಬಾದಿನ ಹೊರಗೆ ಮರದ ಪ್ಯಾಲೆಟ್ ಮಾಡುವ ಘಟಕವೊಂದಿತ್ತು. ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಲಾರಿಗೆ ಹೇರುವಾಗ ಅಡಿಯಲ್ಲಿ ಇಡುವ ಮರದ ಚೌಕಟ್ಟೇ ಪ್ಯಾಲೆಟ್. ಪ್ರತಿಯೊಂದಕ್ಕೂ ಕಾಲುಗಳಾಗಿ ನಾಲ್ಕಿಂಚಿನ ಒಂಬತ್ತು ತುಂಡುಗಳು ಬೇಕು. ದಿನಕ್ಕೆ ಮುನ್ನೂರರಷ್ಟು ಕೊಯ್ಯುತ್ತಿದ್ದರು. ಒಂದು ಮಂಗಳವಾರ ಅಂಥ ತುಂಡೊಂದು ಗರಗಸದಿಂದ ಚಿಮ್ಮಿ, ಕೊಯ್ಯುತ್ತಿದ್ದ ಹಣಮಂತನ ಎದೆಗೆ ಬಡಿಯಿತು. ಪಕ್ಕೆಲುಬು ಬಿರುಕು ಬಿಟ್ಟಿತು.

ಆ ಯಂತ್ರದ ಹೆಸರು ಟೇಬಲ್ ಸಾ. ಮೇಜಿನ ನಡುವಿನಿಂದ ದುಂಡು ಬ್ಲೇಡ್ ಮೇಲೆದ್ದಿರುತ್ತದೆ. ಪಕ್ಕದಲ್ಲಿ ಫೆನ್ಸ್ ಎಂಬ ಕಬ್ಬಿಣದ ಪಟ್ಟಿ. ಮರದ ತುದಿಯನ್ನು ಫೆನ್ಸಿಗೆ ತಾಗಿಸಿ ಮುಂದೆ ತಳ್ಳಿದರೆ ಪ್ರತಿ ತುಂಡೂ ಒಂದೇ ಅಳತೆಯದಾಗುತ್ತದೆ. ಅಪಾಯ ಇರುವುದೂ ಅಲ್ಲೇ. ಬೇರೆಯಾದ ತುಂಡು ಬ್ಲೇಡ್ ಮತ್ತು ಫೆನ್ಸಿನ ನಡುವೆ ಸಿಕ್ಕಿ ಕೊಂಚ ವಾರೆಯಾದರೂ ಸಾಕು, ಹಿಂಬದಿಯ ಹಲ್ಲುಗಳು ಅದನ್ನೆತ್ತಿ ಕೊಯ್ಯುವವನ ಮೇಲೆ ಎಸೆಯುತ್ತವೆ. ಅದಕ್ಕಾಗಿ ಫೆನ್ಸಿನ ಮೇಲೆ, ಬ್ಲೇಡಿಗಿಂತ ಈಚೆಗೆ, ಸ್ಟಾಪ್ ಬ್ಲಾಕ್ ಎಂಬ ಮರದ ಗಟ್ಟಿಯನ್ನು ಬಿಗಿಯುತ್ತಾರೆ. ಅಳತೆಗೆ ಮರದ ತುದಿ ತಾಗಬೇಕಾದದ್ದು ಅದಕ್ಕೆ. ಬ್ಲೇಡಿನ ಹತ್ತಿರ ಬರುವಷ್ಟರಲ್ಲಿ ಮರ ಅದನ್ನು ದಾಟಿರುತ್ತದೆ, ತುಂಡಿನ ಪಕ್ಕ ಖಾಲಿ ಜಾಗ ಉಳಿಯುತ್ತದೆ. ತುಂಡನ್ನು ಯಾರೂ ಹಿಡಿಯಬಾರದು. ಬ್ಲೇಡ್ ನಿಂತ ಮೇಲೆ ಎತ್ತಿಕೊಳ್ಳಬೇಕು.

ಮರುದಿನ ನಾನು ಹೋದಾಗ ಸ್ಟಾಪ್ ಬ್ಲಾಕ್ ಅದರ ಜಾಗದಲ್ಲೇ ಇತ್ತು. ಬೋಲ್ಟುಗಳು ಮಾತ್ರ ಹೊಸವು, ಹೊಳೆಯುತ್ತಿದ್ದವು.

"ನಾ ಹಾಕ್ಸಿದ್ದೆ ಮೇಡಂ, ಅವ ತಗದಾನ. ನಿನ್ನಿ ಮತ್ತ ಬಿಗಿಸೀನಿ," ಎಂದರು ಮಾಲೀಕ ಶಿವರಾಯ. "ನಿರ್ಲಕ್ಷ್ಯ ಅಂತ ಬರೀರಿ, ಮುಗೀತು."

ಹಾಗೆ ಬರೆದರೆ ಹಣಮಂತನ ಕೆಲಸ ಹೋಗುವುದು ಖಚಿತವಿತ್ತು. ನನಗೆ ಶಿವರಾಯರ ಮೇಲೆಯೇ ಅನುಮಾನ. ಅಪಘಾತದ ನಂತರ ಮೊದಲ ಬಾರಿಗೆ ಬಿಗಿಸಿ ಸುಳ್ಳು ಹೇಳುತ್ತಿರಬಹುದಲ್ಲ? ಟಾರ್ಚ್ ಹಿಡಿದು ಬಗ್ಗಿ ಬೋಲ್ಟುಗಳನ್ನು ನೋಡತೊಡಗಿದೆ. ತುಂಡುಗಳನ್ನು ಒಟ್ಟುತ್ತಿದ್ದ ಮಲ್ಲಮ್ಮ ಪಕ್ಕದವಳಿಗೆ, "ನೋಡಬೇ, ಹೆಣ್ಣ ನೋಡ್ಲಿಕ್ಕ ಬಂದವ್ರಂಗ ಬೋಲ್ಟಿನ ಮಾರಿ ನೋಡ್ಲಿಕತ್ತಾರ," ಎಂದಳು. ನಾನು ಕೇಳಿಸದವಳಂತೆ ಬ್ಲಾಕ್ ಬಿಚ್ಚಿಸಿದೆ. ಅದರ ಅಡಿಯಲ್ಲಿ ಫೆನ್ಸಿನ ಹಸಿರು ಬಣ್ಣ ಗೀರಿಲ್ಲದೆ ಉಳಿದಿತ್ತು, ಸುತ್ತಲೂ ಸವೆದುಹೋಗಿತ್ತು. ಬ್ಲಾಕ್ ಅಲ್ಲಿ ಬಹಳ ಕಾಲ ಇದ್ದದ್ದು ನಿಜ. ಶಿವರಾಯರು ಸುಳ್ಳು ಹೇಳಿರಲಿಲ್ಲ.

ಅನುಮಾನ ಹಣಮಂತನ ಕಡೆ ತಿರುಗಿತು. ಬೇಗ ಮುಗಿಸುವ ಆಸೆಗೆ ತೆಗೆದಿರಬೇಕು ಎಂದುಕೊಂಡೆ. ಅಂಥವರನ್ನು ಬಹಳ ಕಂಡಿದ್ದೆ.

ಶನಿವಾರ ಹಣಮಂತ ಎದೆಗೆ ಪಟ್ಟಿ ಕಟ್ಟಿಕೊಂಡು ಬಂದ. ನಲವತ್ತು ದಾಟಿದ ಮನುಷ್ಯ. ನನ್ನನ್ನು ನೋಡದೆ ನನ್ನ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದ.

"ಬ್ಲಾಕ್ ತೆಗೆದದ್ದು ನೀವೇನಾ?"

"ಹೌದ್ರಿ."

"ಬೇಗ ಆಗಲಿ ಅಂತಾನಾ?"

"ಜಲ್ದಿ ಯಾಕ್ರಿ ಬೇಕು ನನಗ? ಅದಿದ್ರ ತುಂಡು ಸಡ್ಲ ಬೀಳ್ತದ."

ಕರೆಂಟನ್ನೂ ಬ್ಲಾಕನ್ನೂ ತೆಗೆಸಿ, ಹೇಗೆ ಕೊಯ್ಯುತ್ತಿದ್ದಿರೋ ಹಾಗೇ ತೋರಿಸಿ ಎಂದೆ. ಅವನು ಮರವನ್ನು ಫೆನ್ಸಿಗೆ ಒತ್ತಿ, ಎಡಗೈ ಮರದ ಮೇಲೆ, ಬಲಗೈ ಆ ಸಣ್ಣ ತುಂಡಿನ ಮೇಲೆ ಇಟ್ಟು, ಎರಡೂ ಕಡೆ ಸಮನಾಗಿ ಅದುಮಿ ನಿಧಾನವಾಗಿ ತಳ್ಳಿದ. ಅವಸರದ ಸುಳಿವೇ ಇರಲಿಲ್ಲ. ಬೆರಳು ಬ್ಲೇಡಿನಿಂದ ಎರಡಿಂಚು ದೂರದಲ್ಲಿತ್ತು.

"ಹಿಂಗ ಎರಡೂ ಕಡಿ ಹಿಡೀಬೇಕ್ರಿ. ಒಂದ್ ಕಡಿ ಸಡ್ಲ ಬಿಟ್ರ ಕೊನಿಗೆ ಮೂಲಿ ಮುರೀತದ."

"ಯಾವುದರ ಮೂಲೆ?"

"ಫರಸೀದ್ರಿ," ಎಂದವನು ತಾನು ಅದುಮಿ ಹಿಡಿದಿದ್ದ ಮರದ ತುಂಡನ್ನು ನೋಡಿದ.

ಕೇಳಿದರೆ, ಇಲ್ಲಿಗೆ ಬರುವ ಮೊದಲು ಅವನು ಹದಿನಾರು ವರ್ಷ ಕಲ್ಲು ಕೊಯ್ಯುವ ಯಂತ್ರದ ಮುಂದೆ ನಿಂತವನು. ಅಲ್ಲಿ ಬ್ಲೇಡ್ ನೀರಿನಲ್ಲಿ ಕಲ್ಲನ್ನು ಸವೆಸುತ್ತಾ ಹೋಗುತ್ತದೆ. ಕೊನೆಯ ಇಂಚಿನಲ್ಲಿ ಆಸರೆ ತಪ್ಪಿದರೆ ಕಲ್ಲು ತಾನೇ ಮುರಿಯುತ್ತದೆ, ಇಡೀ ಹಾಸುಗಲ್ಲು ಹಾಳು. ಕಲ್ಲಿಗೆ ಬೇಕಾದ ಎಚ್ಚರಿಕೆಯನ್ನೇ ಅವನು ಮರಕ್ಕೂ ತೋರಿಸಿದ್ದ, ಸಡಿಲ ಬಿಡಬೇಕಾದ ತುಂಡನ್ನು ಬಿಗಿ ಹಿಡಿದಿದ್ದ. ಅವನ ಕೈ ನಿರ್ಲಕ್ಷ್ಯದ ಕೈಯಲ್ಲ.

"ಇದನ್ನು ತರಬೇತಿಯಲ್ಲಿ ಯಾಕೆ ಹೇಳಲಿಲ್ಲ?"

"ನೀವು ಕೇಳ್ಲಿಲ್ಲಲ್ರಿ."

ತರಬೇತಿ ಪುಸ್ತಕ ತರಿಸಿದೆ. ಎಂಟು ತಿಂಗಳ ಹಿಂದಿನ ಪುಟ. ಹಣಮಂತನ ಸಹಿಯ ಪಕ್ಕದಲ್ಲಿ ನನ್ನದು. 'ಹಿಂದಿನ ಕೆಲಸ' ಎಂಬ ಕಾಲಂ ಇತ್ತು. ಹನ್ನೊಂದು ಜನರ ಹೆಸರಿನ ಮುಂದೆಯೂ ಏನೂ ಬರೆಯದೆ ನಾನು ಮೇಲಿಂದ ಕೆಳಗೆ ಒಂದೇ ಗೆರೆ ಎಳೆದಿದ್ದೆ. ಅಂದು ಸಣ್ಣ ತುಂಡಿನ ಬದಲು ಒಂದು ಉದ್ದ ಹಲಗೆ ಕೊಯ್ದು ತೋರಿಸಿ ಹೊರಟುಹೋಗಿದ್ದೆ. ಬ್ಲಾಕ್ ತೆಗೆಯಬೇಡಿ ಎಂದಿದ್ದೆ, ಯಾಕೆಂದು ಹೇಳಿರಲಿಲ್ಲ. ನಾಲ್ಕು ದಿನ ಎಲ್ಲರನ್ನೂ ಅನುಮಾನಿಸಿದ ನನಗೆ ಈ ಪುಟ ತೆಗೆದು ನೋಡಬೇಕೆನಿಸಿರಲಿಲ್ಲ.

ಕಾರಣದ ಜಾಗದಲ್ಲಿ 'ತರಬೇತಿಯ ಲೋಪ' ಎಂದೂ, ತರಬೇತಿ ಕೊಟ್ಟವರ ಜಾಗದಲ್ಲಿ ನನ್ನ ಹೆಸರನ್ನೂ ಬರೆದೆ. ಶಿವರಾಯರು ಎರಡು ಸಲ ಓದಿ, "ಇದ್ರಾಗ ಏನರ ಮಸಲತ್ತು ಅದ ಏನ್ ಮೇಡಂ?" ಎಂದು ಕೇಳಿದರು. ಹಣಮಂತನೂ ಕಾಗದ ಮುಟ್ಟಲಿಲ್ಲ.

"ಸಹಿ ಹಾಕಿದ್ರ ಕೆಲಸ ಹೋಗ್ತದೇನ್ರಿ?"

"ಇಲ್ಲ. ಇದಕ್ಕೆ ಸಹಿ ನಂದು ಮಾತ್ರ."

ಎರಡು ತಿಂಗಳ ನಂತರ ಅವನು ಅದೇ ಗರಗಸಕ್ಕೆ ಮರಳಿದ. ಈಗಲೂ ಯಾರಿಗೆ ಯಾವ ಯಂತ್ರ ಕಲಿಸುವಾಗಲೂ ಮೊದಲು ಆ ಕಾಲಂ ತುಂಬುತ್ತೇನೆ. ಹೊಸ ಕೆಲಸಕ್ಕೆ ಬರುವ ಕೈ ಖಾಲಿ ಬರುವುದಿಲ್ಲ. ಅದಕ್ಕೆ ಏನು ಗೊತ್ತಿದೆ ಎಂದು ಕೇಳದೆ ಕಲಿಸಿದ್ದು ಅರ್ಧ ಪಾಠ. ಆ ಪುಸ್ತಕದ ಗೆರೆಯನ್ನು ಮಾತ್ರ ಅಳಿಸಲಿಲ್ಲ, ಹಾಗೇ ಬಿಟ್ಟಿದ್ದೇನೆ.