ಯುದ್ಧವಿಮಾನಕ್ಕೆ ಇಟ್ಟ ಬೊಟ್ಟು

ದುರ್ಗಿಗುಡಿಯ ಪ್ರೆಸ್ಸಿನಿಂದ ನನ್ನ ಆತ್ಮಕಥೆಯ ಕರಡು ಬಂದಿತ್ತು. ಹೊಸಮನೆಯ ನಮ್ಮ ವರಾಂಡದಲ್ಲಿ ಕುಳಿತು ಮೊದಲು ಓದಲಿಲ್ಲ, ಮೂಸಿ ನೋಡಿದೆ. ಹೊಸ ಶಾಯಿಯ ವಾಸನೆಗೆ ಒಂದು ಗುಣವಿದೆ ನೋಡಿ, ನಾವು ಬರೆದದ್ದೆಲ್ಲ ನಿಜವೆಂದು ನಮಗೇ ನಂಬಿಕೆ ಹುಟ್ಟಿಸಿಬಿಡುತ್ತದೆ. ಕರಡು ತಿದ್ದುವವರು ಒಬ್ಬ ನಿವೃತ್ತ ಕನ್ನಡ ಮೇಡಂ. ನಾನು ಎಂಟು ಕಡೆ ಸಾವನ್ನು ಗೆದ್ದು ಬಂದಿದ್ದೆ. ಎಂಟು ಕಡೆಯೂ ಅವರು ಅಲ್ಪವಿರಾಮ ಸರಿಪಡಿಸಿ ಮುಂದೆ ಹೋಗಿದ್ದರು. ಆದರೆ ‘ಯಾರೋ ಭಕ್ತಿಯಿಂದ ಇಟ್ಟ ಬೊಟ್ಟು ಅಂದು ನನ್ನ ಪ್ರಾಣಕ್ಕೇ ಸಂಚಕಾರ ತಂದಿತ್ತು’ ಎಂಬ ಸಾಲಿನ ಪಕ್ಕ ಮಾತ್ರ ಪೆನ್ಸಿಲಿನಲ್ಲಿ ಬರೆದಿದ್ದರು: ‘ಯಾರು?’

ಉತ್ತರ ಗೊತ್ತಿದ್ದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ಭದ್ರಾವತಿಯ ಪಳನಿ ಮೇಸ್ತ್ರಿ.

ನಾನು ವಾಯುಸೇನೆಯಲ್ಲಿ ಪರೀಕ್ಷಾ ಪೈಲಟ್ ಆಗಿದ್ದವನು. ಅಂದರೆ ಮಹಾ ಧೈರ್ಯವಂತ ಎಂದು ಜನ ತಿಳಿಯುತ್ತಾರೆ. ತಿಳಿಯಲಿ ಎಂದು ನಾನೂ ಸುಮ್ಮನಿರುತ್ತೇನೆ. ನಿಜವಾಗಿ ಅದು ಅನುಮಾನದ ಪ್ರಾಣಿಗಳ ಕೆಲಸ. ಹಾರುವ ಮುಂಚೆ ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೊಳೆ ಮೊಳೆಯನ್ನೂ ಕಳ್ಳನನ್ನು ನೋಡಿದ ಹಾಗೆ ನೋಡಬೇಕು. ಆ ಅಭ್ಯಾಸ ಎಷ್ಟು ಮೈಗೂಡಿದೆಯೆಂದರೆ ಇವತ್ತಿಗೂ ಗ್ಯಾಸ್ ಆಫ್ ಮಾಡಿದ್ದನ್ನು ಮೂರು ಸಲ ನೋಡಿಯೇ ಮಲಗುತ್ತೇನೆ. ನಿವೃತ್ತನಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ಸಭೆಗಳಲ್ಲಿ ಕೂರಿಸಿ ಶಾಲು ಹೊದಿಸುತ್ತಿದ್ದರು. ಆಮೇಲೆ ಊಟದ ಸಾಲಿನಲ್ಲಿ ಯಾರಾದರೊಬ್ಬರು, “ಕ್ಯಾಪ್ಟನ್ರೇ, ಮೇಲಿಂದ ಜೋಗ ಕಾಣ್ಸುತ್ತಾ?” ಎಂದು ಕೇಳುತ್ತಿದ್ದರು. ಮೂವತ್ತು ವರ್ಷದ ಸೇವೆಯ ಬಗ್ಗೆ ಊರಿಗಿದ್ದ ಕುತೂಹಲ ಅಷ್ಟೇ.

ಹೀಗಿರುವಾಗ ಒಬ್ಬ ಅಡಿಕೆ ಮಂಡಿ ಸಾಹುಕಾರರು ನನ್ನನ್ನು ಹುಡುಕಿಕೊಂಡು ಬಂದರು. ಅವರಿಗೆ ಯಾವುದೋ ಗುಜರಿಯಲ್ಲಿ ಮಹಾಯುದ್ಧದ ಕಾಲದ ಒಂದು ವಿಮಾನದ ಅಸ್ಥಿಪಂಜರ ಸಿಕ್ಕಿತ್ತು. ಮೇಲೊಂದು ಕೆಳಗೊಂದು ರೆಕ್ಕೆ, ನಡುವೆ ಬಿಗಿದ ತಂತಿಗಳು, ಹಿಂದೆ ಮುಂದೆ ಎರಡು ಸೀಟು. ಅದು ಯುದ್ಧ ಕಂಡದ್ದಲ್ಲ, ಯುದ್ಧಕ್ಕೆ ಹೋಗುವವರಿಗೆ ಪಾಠ ಹೇಳಿಕೊಟ್ಟದ್ದು. ಸಾಹುಕಾರರು ಮಾತ್ರ ಅದನ್ನು ‘ನಮ್ಮ ಯುದ್ಧವಿಮಾನ’ ಎಂದೇ ಕರೆಯುತ್ತಿದ್ದರು. ಅದನ್ನು ಮತ್ತೆ ಹಾರಿಸಿ ಮಗಳ ಮದುವೆಗೆ ಆಕಾಶದಿಂದ ಅಕ್ಷತೆ ಹಾಕಿಸಬೇಕು ಎಂಬುದು ಅವರ ಆಸೆ. ನಾನು ನಗಲಿಲ್ಲ. ಮತ್ತೆ ಹಾರಬಹುದು ಎಂದರೆ ಯಾರ ಮದುವೆಗಾದರೂ ಸರಿ ಎಂದು ಒಪ್ಪಿಕೊಂಡೆ.

ಕಟ್ಟಿದವರು ಪಳನಿ ಮೇಸ್ತ್ರಿ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಲೇತಿನ ಮುಂದೆಯೇ ತಲೆ ನರೆಸಿಕೊಂಡವರು. ತಾತನ ಕಾಲದಲ್ಲಿ ಸೇಲಂ ಕಡೆಯಿಂದ ಬಂದ ಮನೆ; ಲೆಕ್ಕವೆಲ್ಲ ತಮಿಳಿನಲ್ಲಿ, ಬೈಗುಳವೆಲ್ಲ ಕನ್ನಡದಲ್ಲಿ. ಆರು ವರ್ಷ ಒಂದು ಶೆಡ್ಡಿನಲ್ಲಿ ಆ ವಿಮಾನದ ಜೊತೆ ಸಂಸಾರ ಮಾಡಿದರು. ಸಿಗದ ಭಾಗವನ್ನು ತಾವೇ ಕಡೆದರು, ತಂತಿಗಳನ್ನು ಬಿಗಿದು ಬೆರಳಲ್ಲಿ ಮೀಟಿ, ಕಿವಿ ಹಚ್ಚಿ ಕೇಳಿ ಮತ್ತೆ ಬಿಗಿದರು. “ಮೆಷಿನ್ ಮಾತಾಡುತ್ತೆ ಸಾರ್. ನಾವು ಬಾಯಿ ಮುಚ್ಕೊಂಡ್ರೆ ಕೇಳ್ಸುತ್ತೆ” ಎನ್ನುತ್ತಿದ್ದರು. ಆ ಮಾತು ನನಗೇ ಹೇಳಿದ್ದು ಎಂದು ಆಗ ಹೊಳೆಯಲಿಲ್ಲ.

ಮೊದಲ ಹಾರಾಟ ಹೊಳಲೂರಿನ ಆಚೆ, ಸಾಹುಕಾರರು ತಮ್ಮ ಜಮೀನಿನಲ್ಲೇ ಹಾಕಿಸಿದ ರನ್‌ವೇಯಲ್ಲಿ. ಶಾಮಿಯಾನ, ವಾಲಗ, ಉಪ್ಪಿಟ್ಟು ಕೇಸರಿಬಾತು. ಪುರೋಹಿತರು ವಾಹನಪೂಜೆಯ ಮಂತ್ರಗಳನ್ನೇ ಸ್ವಲ್ಪ ಎತ್ತರದ ದನಿಯಲ್ಲಿ ಹೇಳಿದರು. ಚಕ್ರದಡಿ ನಿಂಬೆಹಣ್ಣು ಬಂತು. ಬೊಟ್ಟು ಕ್ಯಾಪ್ಟನ್ನರೇ ಇಡಲಿ ಎಂದು ಯಾರೋ ಕೂಗಿದರು. ನಾನು ಬೇಡವೆನ್ನುವ ಪೈಕಿಯೇ? ಗಂಧದ ಬಟ್ಟಲಿಗೆ ಬೆರಳು ಅದ್ದಿ ಪ್ರೊಪೆಲ್ಲರಿಗೆ ಇಟ್ಟೆ. ಫೋಟೋದವನು ಇನ್ನೊಂದು ಸಲ ಎಂದ. ಇನ್ನೊಂದು ಸಲ ಇಟ್ಟೆ. ಫೋಟೋ ಮುಗಿದು ಎಲ್ಲರೂ ಕೇಸರಿಬಾತಿನ ಕಡೆ ತಿರುಗಿದ ಮೇಲೆ ನೋಡುತ್ತೇನೆ, ಬೆರಳಲ್ಲಿ ಗಂಧ ಮೆತ್ತಿಕೊಂಡೇ ಇದೆ. ಮೈಮೇಲೆ ಆ ದಿನಕ್ಕೆಂದೇ ಹೊಲಿಸಿದ ಹೊಸ ಸೂಟು. ಎಲ್ಲಿ ಒರೆಸುವುದು? ರೆಕ್ಕೆಯಿಂದ ಒಂದು ಸಣ್ಣ ಕೊಳವೆ ಕೈಗೆಟಕುವಂತೆ ಚಾಚಿಕೊಂಡಿತ್ತು. ಅದರ ತುದಿಯ ತೂತಿಗೆ ಒರೆಸಿಬಿಟ್ಟೆ.

ಆ ಕೊಳವೆಯ ಹೆಸರು ಪಿಟೋ ಟ್ಯೂಬ್. ಹಾರುವಾಗ ಗಾಳಿ ಅದರೊಳಗೆ ನುಗ್ಗಿದರೇನೇ ವೇಗದ ಮುಳ್ಳು ಏಳುವುದು. ವೇಗ ತಿಳಿಯದೆ ವಿಮಾನ ಇಳಿಸುವುದೆಂದರೆ ಕಣ್ಣು ಕಟ್ಟಿಕೊಂಡು ಮೆಟ್ಟಿಲು ಇಳಿದ ಹಾಗೆ. ಇದನ್ನು ನಾನು ಎಷ್ಟೋ ಜನ ಎಳೆಯ ಪೈಲಟ್‌ಗಳಿಗೆ ಪಾಠ ಮಾಡಿದ್ದೇನೆ, ಪರೀಕ್ಷೆಯಲ್ಲಿ ಕೇಳಿ ನಪಾಸೂ ಮಾಡಿದ್ದೇನೆ.

ಆ ದಿನ ಪ್ರದಕ್ಷಿಣೆ ಹಾಕಿದೆ, ಆದರೆ ಕ್ಯಾಮೆರಾ ಇದ್ದ ಬದಿಗೆ ಮಾತ್ರ. ರನ್‌ವೇಯಲ್ಲಿ ಓಡುವಾಗ ಮುಳ್ಳು ಎದ್ದಿತೇ ಎಂದು ನೋಡಬೇಕು. ನಾನು ಶಾಮಿಯಾನದ ಕಡೆ ಕೈ ಬೀಸುತ್ತಿದ್ದೆ. ನೋಡುವಷ್ಟರಲ್ಲಿ ಚಕ್ರ ನೆಲ ಬಿಟ್ಟಿತ್ತು, ಮುಳ್ಳು ಸೊನ್ನೆಯಲ್ಲೇ ಮಲಗಿತ್ತು.

ಕಟ್ಟಿದವನೂ ಮೊದಲ ಹಾರಾಟದಲ್ಲಿ ಕೂರಬೇಕು ಎಂಬುದು ನಮ್ಮಲ್ಲೊಂದು ಹಳೆಯ ಪದ್ಧತಿ. ಹಾಗಾಗಿ ಇನ್ನೊಂದು ಸೀಟಿನಲ್ಲಿ ಮೇಸ್ತ್ರಿ ಇದ್ದರು; ಜನ್ಮದಲ್ಲಿ ಮೊದಲ ಸಲ ನೆಲ ಬಿಟ್ಟವರು. ಇಬ್ಬರ ನಡುವೆ ಮಾತಿಗೆ, ನೇರ ಕಿವಿಗೇ ಬರುವ ಒಂದು ರಬ್ಬರ್ ಕೊಳವೆ.

“ಮೇಸ್ತ್ರಿ, ಸ್ಪೀಡ್ ತೋರಿಸ್ತಿಲ್ಲ.”

“ತಂತಿ ಹಾಡ್ತಿದೆಯಲ್ಲ ಸಾರ್, ಕೇಳ್ಸಲ್ವಾ?”

ವೇಗ ಏರಿದರೆ ರೆಕ್ಕೆಯ ತಂತಿಗಳ ದನಿ ಏರುತ್ತದೆ, ಇಳಿದರೆ ಇಳಿಯುತ್ತದೆ; ನನಗೆ ಮಾತ್ರ ಕೇಳಿಸುತ್ತಿರಲಿಲ್ಲ. ಜೆಟ್‌ಗಳ ನಡುವೆ ಆಯುಷ್ಯ ಕಳೆದು ನನ್ನ ಕಿವಿ ಯಾವತ್ತೋ ಮಂದವಾಗಿತ್ತು. ಡಾಕ್ಟರರ ಮುಂದೆ ತುಟಿ ನೋಡಿ ಉತ್ತರ ಹೇಳಿ ಪಾಸಾಗುತ್ತಿದ್ದೆ. ಮೇಸ್ತ್ರಿಗೆ ಅದು ಅರ್ಥವಾಯಿತೆಂದು ಕಾಣುತ್ತದೆ. ಮುಂದೆ ಒಂದು ಪ್ರಶ್ನೆಯನ್ನೂ ಕೇಳದೆ ನನ್ನ ಕಿವಿಯಾದರು. “ದನಿ ಇಳೀತು, ಮೂಗು ಬಗ್ಗಿಸಿ ಸಾರ್... ಆಂ, ಈಗ ಸರಿ... ಜಾಸ್ತಿಯಾಯ್ತು, ಜಾಸ್ತಿಯಾಯ್ತು... ಹಿಂಗೇ ಇರ್ಲಿ.” ಹಾಗೇ ಒಂದು ಸುತ್ತು ಹಾಕಿ ಇಳಿದೆವು. ಜನ ಚಪ್ಪಾಳೆ ತಟ್ಟುತ್ತಿದ್ದರು. ಮೇಸ್ತ್ರಿ ನೇರವಾಗಿ ಹೋಗಿ ಆ ಕೊಳವೆ ನೋಡಿದರು, ತಿರುಗಿ ನನ್ನ ಬೆರಳು ನೋಡಿದರು.

ಸಂಜೆ ಮಂಡಿಯಲ್ಲಿ ವಿಚಾರಣೆ. ಸಾಹುಕಾರರು ಕೆಂಡಾಮಂಡಲ. ಆ ಕೊಳವೆಯ ಬಾಯಿಗೆ ಗಂಧ ಹೇಗೆ ಬಂತು, ಯಾರ ಕೆಲಸ? ನಾನು ಬಾಯಿ ತೆರೆಯುವ ಮುಂಚೆಯೇ ಮೇಸ್ತ್ರಿ, “ನಾನೇ ಬೊಟ್ಟು ಇಟ್ಟಿದ್ದು ಧಣಿ, ತಪ್ಪಾಯ್ತು” ಎಂದರು. ಬಾಯಿ ತೆರೆಯುವವನಿದ್ದೆ ಎಂದು ಈಗ ಬರೆಯುತ್ತಿದ್ದೇನೆ. ತೆರೆಯಲಿಲ್ಲ ಎಂಬುದಷ್ಟೇ ಸತ್ಯ. ಮರುದಿನದಿಂದ ಮೇಸ್ತ್ರಿಗೆ ಶೆಡ್ಡಿನ ಬಾಗಿಲು ಮುಚ್ಚಿತು. ನಾನು ಆ ವಿಮಾನವನ್ನು ಇನ್ನೂ ಕೆಲವು ವರ್ಷ ಹಾರಿಸಿದೆ. ಮದುವೆಯ ಅಕ್ಷತೆ ಪಕ್ಕದ ಕಬ್ಬಿನ ಗದ್ದೆಗೆ ಬಿತ್ತು, ಆದರೂ ಶಾಲು ಹೊದಿಸಿದರು. ಆತ್ಮಕಥೆಯಲ್ಲಿ ‘ತಂತಿಯ ನಾದವನ್ನೇ ಆಲಿಸಿ ಇಳಿಸಿದೆ’ ಎಂದು ಒಂದು ಇಡೀ ಪುಟ ಬರೆದೆ. ತಪ್ಪು ಅವರಿಗೆ, ಕೀರ್ತಿ ನನಗೆ.

ಒಂಬತ್ತು ವರ್ಷದ ಮೇಲೆ ಆ ‘ಯಾರು?’ ನನ್ನನ್ನು ಭದ್ರಾವತಿ ಬಸ್ಸು ಹತ್ತಿಸಿತು. ಮೇಸ್ತ್ರಿ ಬಾಗಿಲಲ್ಲಿ ಕುಳಿತು ಯಾರದೋ ಮಿಕ್ಸಿ ಬಿಚ್ಚಿಕೊಂಡಿದ್ದರು. ಅವರ ಹೆಂಡತಿ ಸರೋಜಮ್ಮ ಕಾಫಿ ತಂದರು. ಅವರೂ ಇರಲಿ ಎಂದು ಕೂರಿಸಿ, ಕರಡಿನ ಆ ಪುಟ ಓದಿ, ಆಮೇಲೆ ನಿಜವಾಗಿ ನಡೆದದ್ದನ್ನು ಹೇಳಿದೆ. ಮೇಸ್ತ್ರಿ ಮಿಕ್ಸಿಯಿಂದ ತಲೆ ಎತ್ತಲಿಲ್ಲ.

“ಬಿಡಿ ಸಾರ್, ಹಳೇದು. ಆವತ್ತು ತಪ್ಪು ನಿಮ್ದು ಅಂತಾಗಿ ನೀವು ಹೋಗಿದ್ರೆ ವಿಮಾನ ಶೆಡ್ಡಲ್ಲೇ ಕೊಳೀತಿತ್ತು. ನಾನು ಹೋದ್ರೆ ಅದು ಹಾರುತ್ತೆ. ನೀವು ಊರ ಮೇಲೆ ಹಾರ್ದಾಗೆಲ್ಲ ಟೆರೇಸ್ ಮೇಲೆ ನಿಂತು ಕೇಳ್ತಿದ್ದೆ. ಒಂದ್ಸಲ ಎಂಜಿನ್ ಬಡಿತ ತಪ್ತಾ ಇತ್ತು. ಯಾರಿಗೆ ಹೇಳ್ಲಿ?”

ನನಗೆ ಅಳು ಬಂತು. ಆದರೆ ಸರೋಜಮ್ಮನಿಗೆ ಬಂದದ್ದು ಸಿಟ್ಟು. ಗಂಡ ಅವರಿಗೂ ನಿಜ ಹೇಳಿರಲಿಲ್ಲ.

“ಒಂಬತ್ತು ವರ್ಷ ಸಾರ್! ಒಬ್ರ ಜೀವ ತೆಗೀತಿದ್ರಿ ಅಂತ ನಾನೇ ಇವರನ್ನ ಬೈದಿದ್ದೀನಿ. ಆಯುಧಪೂಜೆ ಬಂದ್ರೆ ಆಟೋ ಸ್ಟ್ಯಾಂಡಲ್ಲಿ ‘ಮೇಸ್ತ್ರಿ, ದೂರ ನಿಲ್ಲಿ ಮಾರಾಯ್ರೆ, ನಮ್ ಗಾಡಿಗೆ ಬೊಟ್ಟು ಇಟ್ಟೀರ’ ಅಂತ ನಗ್ತಾರೆ. ಎಲ್ಲರ ಗಾಡಿ ರಿಪೇರಿ ಮಾಡ್ಕೊಟ್ಟೋರು, ಆವತ್ತು ಕದ ಹಾಕ್ಕೊಂಡು ಮನೇಲಿ ಕೂರ್ತಾರೆ.”

ಪುಸ್ತಕದಲ್ಲಿ ಎಲ್ಲವನ್ನೂ ತಿದ್ದಿ ಬರೆಯುತ್ತೇನೆ ಎಂದೆ. ಬಹಳ ದೊಡ್ಡ ಮಾತು ಆಡಿದೆ ಅನಿಸಿತ್ತು.

“ಪುಸ್ತಕ ನಮ್ಮ ಬೀದೀಲಿ ಯಾರು ಓದ್ತಾರೆ ಸಾರ್? ಪೂಜೆ ದಿನ ಬನ್ನಿ. ಸ್ಟ್ಯಾಂಡಲ್ಲಿ ನಿಂತ್ಕೊಂಡು ಹೇಳಿ.”

ಮೊನ್ನೆ ಆಯುಧಪೂಜೆಗೆ ಹೋದೆ. ಏನೇನೋ ಹಾರಿಸಿದ್ದೇನೆ, ಆದರೆ ಆ ಬಸ್ಸಿನಿಂದ ಇಳಿಯುವಾಗ ಬಂದ ಹೆದರಿಕೆ ಯಾವತ್ತೂ ಬಂದಿರಲಿಲ್ಲ. ಬಾಳೆಕಂದು ಕಟ್ಟಿದ ಆಟೋಗಳು ಸಾಲಾಗಿ ನಿಂತಿದ್ದವು. ಸರೋಜಮ್ಮ ಗಂಡನ ಕೈ ಹಿಡಿದು ಎಳೆದುಕೊಂಡೇ ಬಂದಿದ್ದರು. ಯಾರೋ ಹಾಡು ನಿಲ್ಲಿಸಿದರು. ಭಾಷಣದ ಅಭ್ಯಾಸದಿಂದ ಮೊದಲು ಮಹಾಯುದ್ಧದ ಇತಿಹಾಸ ಶುರುಮಾಡಿದೆ. ಸರೋಜಮ್ಮನ ಮುಖ ನೋಡಿ ಅಲ್ಲಿಗೇ ಬಿಟ್ಟೆ. “ಆ ಗಂಧ ಒರೆಸಿದವನು ನಾನು. ಮೇಸ್ತ್ರಿ ಅಲ್ಲ. ಇಳಿಸಿದ್ದು ಅವರು, ನಾನಲ್ಲ” ಎಂದೆ. ದನಿ ಹೊರಟದ್ದೇ ಅರ್ಧ.

ಮೇಸ್ತ್ರಿ ನೆಲ ನೋಡುತ್ತಿದ್ದರು.

“ಹಿಂದಿನೋರಿಗೆ ಕೇಳ್ಸಿಲ್ಲ ಸಾರ್” ಎಂದರು ಸರೋಜಮ್ಮ. “ಇನ್ನೊಂದ್ಸಲ ಹೇಳಿ.”

ಗಂಟಲು ಸರಿಮಾಡಿಕೊಂಡು, ಹಿಂದೆ ನಿಂತವರ ಮುಖ ನೋಡುತ್ತಾ, ಮೊದಲಿನಿಂದ ಹೇಳಿದೆ.