ಬ್ಲೇಡಿಗಿಟ್ಟ ಕುಂಕುಮ

"ಏನ್ ಸಾರ್, ಗೆಲ್ತಾರಾ ನಮ್ಮ ಹುಡ್ಗೀರು?"

ಆ ವರ್ಷ ಮೂಡಲಪಾಳ್ಯದ ನಮ್ಮ ರಸ್ತೆಯಲ್ಲಿ ಈ ಪ್ರಶ್ನೆ ಕೇಳದವರೇ ಇರಲಿಲ್ಲ. ಬೇಕರಿಯವನು ಬನ್ನು ಕಟ್ಟಿಕೊಡುತ್ತಾ ಕೇಳುತ್ತಿದ್ದ. ಇಸ್ತ್ರಿ ಅಂಗಡಿಯಾಕೆ ಕೆಂಡ ಊದುತ್ತಾ ಕೇಳುತ್ತಿದ್ದಳು. ಐಸ್ ಹಾಕಿ ಎಂದರೇನು ಎಂದು ಇವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. ಗೆಲುವು ಮಾತ್ರ ಬೇಕಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಒಂದು ದಿನ ಬೇಕರಿಯವನಿಗೆ, "ಬೆಂಗಳೂರಲ್ಲಿ ಐಸ್ ಎಲ್ಲಿದೆ ಹೇಳಪ್ಪ, ನೋಡೋಣ" ಎಂದೆ. ಅವನು ಗಂಭೀರವಾಗಿ ಯೋಚಿಸಿ, "ಕಬ್ಬಿನ ಹಾಲಿನ ಗಾಡೀಲಿ" ಎಂದ. ಸುತ್ತ ನಿಂತವರು ನಕ್ಕರು. ನಾನು ಬನ್ನನ್ನು ಅಲ್ಲೇ ಬಿಟ್ಟು ಬಂದೆ.

ನನ್ನ ಮಗಳು ಹದಿನೆಂಟು ತುಂಬದ ಹುಡುಗಿಯರ ರಾಷ್ಟ್ರೀಯ ಐಸ್ ಹಾಕಿ ತಂಡದ ಕೊನೆಯ ಶಿಬಿರಕ್ಕೆ ಆಯ್ಕೆಯಾಗಿದ್ದಳು. ಶಿಬಿರದಲ್ಲಿ ಇಪ್ಪತ್ತಾರು ಜನ. ಅವರಲ್ಲಿ ಇಪ್ಪತ್ತು ಜನ ಹೊರದೇಶದ ಟೂರ್ನಿಗೆ ಹೋಗುತ್ತಾರೆ, ಆರು ಜನ ಮನೆಗೆ. ಅವಳಿಗೆ ಆಗ ಹದಿನೇಳು. ಮುಂದಿನ ವರ್ಷ ವಯಸ್ಸು ಮೀರಿಹೋಗುತ್ತದೆ. ಅಂದರೆ ಹೋದರೆ ಈ ಸಲ, ಇಲ್ಲದಿದ್ದರೆ ಇಲ್ಲ.

ತಂಡ ಗೆಲ್ಲುವ ಮಾತು ಹಾಗಿರಲಿ. ಹಿಂದಿನ ಸಲ ಹೋದವರು ಚೆನ್ನಾಗಿ ಗೋಲು ತಿಂದು ಬಂದಿದ್ದರು. ತಂಡದಲ್ಲಿ ಹೆಚ್ಚಿನವರು ಹಿಮಾಲಯದ ಆಚೆಯ ಹುಡುಗಿಯರು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯುವುದಕ್ಕಿಂತ ಮೊದಲು ಜಾರಲು ಕಲಿತವರು. ಉಳಿದವರು ನನ್ನ ಮಗಳಂತೆ ಬಯಲಿನವರು, ಸಿಮೆಂಟಿನ ಮೇಲೆ ಚಕ್ರದ ಸ್ಕೇಟ್ಸ್ ಕಟ್ಟಿಕೊಂಡು ಬೆಳೆದವರು. "ಗೋಲ್ ಹೊಡೆಯೋರು ಇದಾರೆ ಸಾರ್, ತಡೆಯೋರೇ ಕಮ್ಮಿ. ಇವಳು ಡಿಫೆನ್ಸಲ್ಲಿ ಬಂಡೆ ಥರ ಇರ್ತಾಳೆ. ಇವಳು ಹೋದ್ರೆ ಒಂದೆರಡು ಮ್ಯಾಚಾದ್ರೂ ಮಾನ ಉಳಿಯತ್ತೆ" ಎಂದಿದ್ದರು ಇಲ್ಲಿಯ ಕೋಚ್ ಮೇಡಂ. ಇದಕ್ಕಿಂತ ದೊಡ್ಡ ಭರವಸೆ ಯಾರೂ ಕೊಟ್ಟಿರಲಿಲ್ಲ. ನನಗೆ ಅಷ್ಟು ಸಾಕಿತ್ತು.

ಆ ಬಂಡೆಯನ್ನು ಬೆಳೆಸಿದ ವೈಭವವನ್ನೂ ಹೇಳಬೇಕು. ಮೊದಲು ಬಸವೇಶ್ವರನಗರದ ಒಂದು ಪಾರ್ಕಿನಲ್ಲಿ ಬೆಳಗಿನ ಐದೂವರೆಗೆ ಅಭ್ಯಾಸ. ಅಲ್ಲಿ ವಾಕಿಂಗ್ ಬರುವ ಹಿರಿಯರಿಗೆ ಸ್ಟಿಕ್ಕಿನ ಸದ್ದಿನಿಂದ ರಕ್ತದೊತ್ತಡ ಏರಿತು. ಅವರೇ ಕೂತು ಹಾ ಹಾ ಹಾ ಎಂದು ನಗುವ ಕ್ಲಬ್ಬಿನ ಸದ್ದಿನಿಂದ ಯಾರಿಗೂ ಏನೂ ಏರಲಿಲ್ಲ. ಅಲ್ಲಿಂದ ಓಡಿಸಿದ ಮೇಲೆ ಬ್ಯಾಡರಹಳ್ಳಿಯಲ್ಲಿ ಕಟ್ಟುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆ. ರಾಯಚೂರಿನ ಕಡೆಯ ವಾಚ್‌ಮನ್ ಪುಣ್ಯಾತ್ಮ, "ಇಂಜಿನಿಯರ್ ಸಾಹೇಬ್ರು ಬರೋದ್ರಾಗ ಮುಗಸ್ರಿ" ಎಂದು ಗೇಟು ತೆಗೆಯುತ್ತಿದ್ದ. ರಾಷ್ಟ್ರೀಯ ಶಿಬಿರದ ಡಿಫೆಂಡರ್ ತಯಾರಾದದ್ದು ಸಿಮೆಂಟು ಚೀಲಗಳ ನಡುವೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಐಸ್ ಸ್ಕೇಟ್ಸ್ ಅವಳ ಬಳಿ ಒಂದು ಜೊತೆ ಇತ್ತು, ಹಳೆಯ ಆಟಗಾರ್ತಿಯೊಬ್ಬಳು ಬಿಟ್ಟುಕೊಟ್ಟದ್ದು. ಬೆಂಗಳೂರಿನಲ್ಲಿ ಅದು ಪೆಟ್ಟಿಗೆ ಬಿಟ್ಟು ಹೊರಬರುತ್ತಿರಲಿಲ್ಲ. ಬಂದು ಮಾಡುವುದಾದರೂ ಏನು? ವರ್ಷಕ್ಕೆ ಒಂದೆರಡು ಸಲ ಶಿಬಿರಕ್ಕೆ ಹೋದಾಗ ಮಾತ್ರ ಅದಕ್ಕೆ ಐಸಿನ ದರ್ಶನ. ಚಕ್ರದ ಮೇಲೆ ನಿಲ್ಲುವುದು ಬೇರೆ, ಬ್ಲೇಡಿನ ಮೇಲೆ ನಿಲ್ಲುವುದು ಬೇರೆ ಎಂದು ಅವಳು ಹೇಳುತ್ತಿದ್ದಳು. ಜೋರಾಗಿ ಹೋಗುತ್ತಿರುವಾಗ ಎರಡೂ ಕಾಲನ್ನು ಅಡ್ಡ ತಿರುಗಿಸಿ ಬ್ಲೇಡಿನ ಅಂಚನ್ನು ಐಸಿಗೆ ಒತ್ತಬೇಕಂತೆ. ಸರ್ರ್ ಎಂದು ಐಸಿನ ಪುಡಿ ಹಾರಿ, ಇದ್ದ ಜಾಗದಲ್ಲೇ ನಿಂತುಬಿಡಬೇಕಂತೆ. "ಆ ಸೌಂಡ್ ಕೇಳ್ಬೇಕು ಅಪ್ಪ ನೀವು" ಎನ್ನುತ್ತಿದ್ದಳು. ನಾನು ಐಸ್ ರಿಂಕನ್ನೇ ನೋಡಿದವನಲ್ಲ.

ಆದರೆ ಬ್ಲೇಡು ನೋಡಿದವನು. ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಟೂಲ್ ಗ್ರೈಂಡಿಂಗ್ ಮಾಡುವವನು ನಾನು. ನನ್ನ ಕೈಯಲ್ಲಿ ಸಾಣೆ ಹಿಡಿಸಲು ಪೀಣ್ಯದಿಂದ ಕಟರ್ ಕಳಿಸುವವರಿದ್ದಾರೆ. ನಮ್ಮ ಬೀದಿಯ ಅಷ್ಟೂ ಈಳಿಗೆಮಣೆ, ಕತ್ತರಿಗಳು ಆಯುಧಪೂಜೆಯ ಹಿಂದಿನ ದಿನ ನನ್ನ ಶೆಡ್ಡಿಗೆ ಬರುತ್ತವೆ. ಆ ಸಲ ಹಬ್ಬ ಕಳೆದು ಹತ್ತನೇ ದಿನಕ್ಕೆ ಶಿಬಿರ. ಅವಳು ಊಟ ಮಾಡುತ್ತಾ ಅವಳಮ್ಮನಿಗೆ, "ಬ್ಲೇಡ್ ಮೊಂಡಾಗಿದೆ, ಕ್ಯಾಂಪಲ್ಲಿ ಶಾರ್ಪ್ ಮಾಡಿಸ್ಬೇಕು" ಎಂದದ್ದು ನನ್ನ ಕಿವಿಗೆ ಬಿತ್ತು. ನನಗೆ ಅದು ಅವಮಾನವಾಗಿ ಕೇಳಿಸಿತು. ಊರಿನವರ ಈಳಿಗೆಗೆಲ್ಲ ಸಾಣೆ ಹಿಡಿಯುವ ಅಪ್ಪ ಇರುವಾಗ ಯಾವನೋ ಕ್ಯಾಂಪಿನವನು ಯಾಕೆ?

ಅವಳು ಕಾಲೇಜಿಗೆ ಹೋದಾಗ ಸ್ಕೇಟ್ಸ್ ಎತ್ತಿಕೊಂಡು ಹೋದೆ. ಹೆಬ್ಬೆರಳು ಆಡಿಸಿ ನೋಡಿದರೆ ಬ್ಲೇಡಿನ ನಡುವೆ ಉದ್ದಕ್ಕೂ ಒಂದು ಸಣ್ಣ ತೋಡು. ಜೊತೆಗೆ ಇಡೀ ಬ್ಲೇಡು ಮುಂದೆ ಹಿಂದೆ ಕೊಂಚ ಮೇಲೆದ್ದು, ತೊಟ್ಟಿಲಿನ ಕಾಲಿನ ಹಾಗೆ ಬಾಗಿತ್ತು. ಅಯ್ಯೋ, ಈ ಪಾಟಿ ಸವೆದಿದೆಯಲ್ಲ, ಇದನ್ನು ಹಾಕಿಕೊಂಡು ಮಗು ಹೇಗೆ ಆಡಿತು ಎಂದುಕೊಂಡೆ. ನಿಜವಾಗಿ ಕಣ್ಣಲ್ಲಿ ನೀರು ಬಂತು. ಬ್ಲೇಡುಗಳನ್ನು ಬಿಚ್ಚಿ, ಮಷೀನಿಗೆ ಕಟ್ಟಿ, ತೋಡು ಹೋಗುವ ತನಕ, ಬಾಗು ಹೋಗುವ ತನಕ ಉಜ್ಜಿದೆ. ಸ್ಕೇಲು ಇಟ್ಟರೆ ಕೂದಲು ತೂರದಷ್ಟು ಮಟ್ಟ. ಮುಖ ಕಾಣುವಷ್ಟು ಹೊಳಪು. ನನ್ನ ಜೀವಮಾನದಲ್ಲಿ ಅಷ್ಟು ಚಂದ ಕೆಲಸ ಮಾಡಿರಲಿಲ್ಲ.

ಮಾರನೆಯ ದಿನ ಆಯುಧಪೂಜೆಗೆ ಮಷೀನುಗಳ ಜೊತೆ ಅದನ್ನೂ ಇಟ್ಟು, ಬ್ಲೇಡಿನ ಉದ್ದಕ್ಕೂ ವಿಭೂತಿ ಎಳೆದು, ಕುಂಕುಮ ಹಚ್ಚಿ, ಬೂದುಗುಂಬಳ ಒಡೆದೆ. ಮಗಳು ಬಂದು ಹೊಳಪು ನೋಡಿ, "ಅಪ್ಪ, ಸೂಪರ್!" ಎಂದು ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿದಳು. ಅಂಚು ಮುಟ್ಟಿ ನೋಡಲು ಹೋದವಳನ್ನು ಅವಳಮ್ಮ ತಡೆದಳು. "ಪೂಜೆ ಕುಂಕುಮ ಅಳಿಸ್ಬೇಡ ಕಣೇ, ಐಸಿಗೆ ಇಳಿಯೋವರ್ಗೂ ಹಂಗೇ ಇರ್ಲಿ, ಒಳ್ಳೇದಾಗತ್ತೆ." ಮಗಳು ಕುಂಕುಮದ ಮೇಲೇ ಪ್ಲಾಸ್ಟಿಕ್ ಕವಚ ಹಾಕಿ ಪೆಟ್ಟಿಗೆಯಲ್ಲಿಟ್ಟಳು.

ಹತ್ತು ದಿನ. ಈ ಊರಿನಲ್ಲಿ ನಾಲ್ಕು ಮಾರು ಐಸ್ ಇದ್ದಿದ್ದರೆ ಅದೇ ಸಂಜೆ ಗೊತ್ತಾಗುತ್ತಿತ್ತು. ಸರಿಪಡಿಸಲು ಹತ್ತು ದಿನ ಇರುತ್ತಿತ್ತು. ಮೆಟ್ರೋ ಇದೆ, ಫ್ಲೈಓವರ್ ಇದೆ, ಐಸ್ ಇಲ್ಲ. ಇಷ್ಟು ದೊಡ್ಡ ಊರಿನಲ್ಲಿ ಆ ಬ್ಲೇಡು ಹಾಳಾಗಿದೆ ಎಂದು ಹೇಳಲು ಒಂದು ಅಂಗೈಯಗಲ ಜಾಗವಿರಲಿಲ್ಲ.

ಶಿಬಿರ ಉತ್ತರದ ಒಂದು ಊರಿನಲ್ಲಿ. ಮೊದಲ ದಿನ ಮಧ್ಯಾಹ್ನ ಫೋನು ಬಂತು.

"ಅಪ್ಪ, ಬ್ಲೇಡಿಗೆ ಏನ್ ಮಾಡಿದ್ರಿ?"

"ಮಟ್ಟ ಮಾಡ್ದೆ ಕಣಮ್ಮ. ಮಧ್ಯ ಗುಳಿ ಬಿದ್ದಿತ್ತಲ್ಲ."

ಅವಳು ಚಿಕ್ಕ ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. "ಅದು ಗುಳಿ ಅಲ್ಲಪ್ಪ. ಅದು ಹಂಗೇ ಇರ್ಬೇಕು. ಆ ಗುಳಿ ಎರಡೂ ಕಡೆ ಇರೋ ಅಂಚಿಂದಾನೇ ನಾವು ನಿಲ್ಲೋದು. ಬಾಗು ಇದ್ರೇನೇ ತಿರುಗೋದು. ನಾನು ಸೀದಾ ಹೋಗಿ ಗೋಡೆಗೆ ಹೊಡ್ಕೊಂಡೆ."

ಸಾಣೆ ಹಿಡಿಯುವ ಯಂತ್ರ ಅಲ್ಲಿ ಒಂದಿತ್ತಂತೆ, ಬೀಗ ಹಾಕಿದ ಕೋಣೆಯಲ್ಲಿ. ಕೀಲಿ ಇದ್ದವನು ರಜೆಯ ಮೇಲೆ ಹೋಗಿದ್ದನಂತೆ. ದೇಶದ ತಂಡ ಆರಿಸುವ ಶಿಬಿರದಲ್ಲಿ ಕೀಲಿ ಒಬ್ಬನ ಜೇಬಿನಲ್ಲಿ, ಅವನು ಯಾವುದೋ ಮದುವೆಯಲ್ಲಿ! ನನಗೆ ಸಿಕ್ಕ ನಂಬರಿಗೆಲ್ಲ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಒಬ್ಬರು ತಣ್ಣಗೆ, "ನೀವು ಯಾಕೆ ಸಾರ್ ಅದನ್ನ ಮುಟ್ಟಕ್ ಹೋದ್ರಿ?" ಎಂದರು. ಅವರನ್ನು ಇನ್ನೂ ಜೋರಾಗಿ ಬೈದು ಫೋನಿಟ್ಟೆ. ಆ ತಿಂಗಳು ನಾನು ಬೈದವರ ಲೆಕ್ಕವಿಲ್ಲ. ಅಷ್ಟೂ ಬೈಗುಳ ಸೇರಬೇಕಾದವನು ಬೆಳಿಗ್ಗೆ ಕನ್ನಡಿಯಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದ.

ಬೆಟ್ಟದ ಕಡೆಯ ಹುಡುಗಿಯೊಬ್ಬಳು, ಅವಳೂ ಡಿಫೆಂಡರೇ, ತನ್ನ ಹಳೆಯ ಸ್ಕೇಟ್ಸ್ ಕೊಟ್ಟಳಂತೆ. ಒಂದು ಸೈಜು ಚಿಕ್ಕದು. ನನ್ನ ಮಗಳು ಅದರಲ್ಲೇ ಕಾಲು ತುರುಕಿಕೊಂಡು ಮೂರು ದಿನ ಆಡಿದಳು. ನಾಲ್ಕನೇ ದಿನ ಇಪ್ಪತ್ತು ಹೆಸರು ಓದಿದರು. ಸ್ಕೇಟ್ಸ್ ಕೊಟ್ಟ ಹುಡುಗಿಯ ಹೆಸರಿತ್ತು. ನನ್ನ ಮಗಳದ್ದಿರಲಿಲ್ಲ.

ಯಶವಂತಪುರ ಸ್ಟೇಷನ್ನಿಗೆ ಕರೆತರಲು ಹೋದೆ. ಬೈಯಲಿ, ಕಿರುಚಲಿ, ಪ್ಲಾಟ್‌ಫಾರಂ ಮೇಲೆ ಎಲ್ಲರೆದುರು ಮರ್ಯಾದೆ ತೆಗೆಯಲಿ ಎಂದು ಸಿದ್ಧನಾಗಿ ನಿಂತಿದ್ದೆ. ಅವಳು ಕುಂಟುತ್ತಾ ಬಂದು, ಸ್ಕೇಟ್ಸ್ ಚೀಲವನ್ನು ನನ್ನ ಕೈಗೆ ಕೊಟ್ಟು, "ಇದು ನೀವೇ ಇಟ್ಕೊಳ್ಳಿ" ಎಂದಳು. ಅಷ್ಟೇ. ಮನೆಯಲ್ಲಿ ಆಮೇಲೆ ನನ್ನ ಜೊತೆ ಮಾತೆಂದರೆ, ಊಟಕ್ಕೆ ಬನ್ನಿ, ಗ್ಯಾಸ್ ಬಂದಿದೆ, ಇಷ್ಟೇ. ಸಿಟ್ಟು ನನ್ನದೇ ಸ್ವತ್ತು ಎಂದುಕೊಂಡಿದ್ದೆ. ಅವಳ ಸಿಟ್ಟಿನ ಮುಂದೆ ನನ್ನದು ಬರೀ ಗದ್ದಲ.

ಮಾರನೆಯ ದಿನವೇ ಆ ಬ್ಲೇಡುಗಳನ್ನು ಮತ್ತೆ ಮಷೀನಿಗೆ ಕಟ್ಟಿದೆ. ಸಾಣೆಕಲ್ಲಿನ ಮುಖವನ್ನು ಉಬ್ಬಿಸಿಕೊಂಡು ಬ್ಲೇಡಿನಲ್ಲಿ ತೋಡು ತೆಗೆಯಬೇಕು. ಎರಡೂ ಅಂಚು ಸಮ ಬರಬೇಕು. ಒಂದು ಅಂಚು ಎತ್ತರವಾದರೆ ಉಜ್ಜಿ ಮತ್ತೆ ಮೊದಲಿಂದ. ಬಾಗು ಬರಿಸಲು ರಟ್ಟಿನ ಅಚ್ಚು ಕತ್ತರಿಸಿಕೊಂಡೆ. ಕೆಲಸ ಮುಗಿದ ಮೇಲೆ ದಿನಾ ಒಂದು ಗಂಟೆ. ಕೈ ಪಳಗುವ ಹೊತ್ತಿಗೆ ಬ್ಲೇಡಿನಲ್ಲಿ ಉಕ್ಕೇ ಉಳಿದಿರಲಿಲ್ಲ. ಅವಳ ಸ್ಕೇಟ್ಸನ್ನು ಒಂದು ಸಲ ಗೊತ್ತಿಲ್ಲದೆ ಹಾಳು ಮಾಡಿದೆ, ಇನ್ನೊಂದು ಸಲ ಗೊತ್ತಿದ್ದೇ ತಿಂದು ಮುಗಿಸಿದೆ.

ತಂಡ ಹೊರಡಲು ಎರಡು ವಾರವಿರುವಾಗ ಒಂದು ಪಾರ್ಸೆಲ್ ಬಂತು. ಮಗಳು ಅದನ್ನು ಶೆಡ್ಡಿಗೇ ತಂದಳು. ಶಿಬಿರದಿಂದ ಬಂದ ಮೇಲೆ ಅವಳು ಶೆಡ್ಡಿಗೆ ಕಾಲಿಟ್ಟದ್ದು ಅದೇ ಮೊದಲು. ಪೆಟ್ಟಿಗೆಯಲ್ಲಿ ಬೆಟ್ಟದ ಹುಡುಗಿಯ ಸ್ಕೇಟ್ಸ್. ತಂಡದ ಅಭ್ಯಾಸ ಶಿಬಿರದ ಊರಲ್ಲೇ ನಡೆದಿದೆಯಂತೆ, ಕೀಲಿಯವನು ಇನ್ನೂ ಬಂದಿಲ್ಲವಂತೆ, ಬ್ಲೇಡು ಮೊಂಡಾಗಿದೆಯಂತೆ.

"ನಾನ್ ಮುಟ್ಟಲ್ಲ" ಎಂದೆ.

"ಮುಟ್ತೀರ. ನಮ್ಮಪ್ಪ ಕಲ್ತಿದಾರೆ ಅಂತ ನಾನೇ ಹೇಳಿದೀನಿ."

"ನಿಂಗ್ಯಾರ್ ಹೇಳಿದ್ರು ಕಲ್ತಿದೀನಿ ಅಂತ?"

"ನನ್ ಬ್ಲೇಡ್ ನೋಡ್ದೆ. ಮನೇಲಿ ಗುಜರಿ ಡಬ್ಬದಲ್ಲಿತ್ತು."

ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಳು. ಒಂದು ಬ್ಲೇಡು ಮುಗಿದಾಗ ಅದರ ಎರಡು ಅಂಚಿನ ಮೇಲೆ ಅಡ್ಡಲಾಗಿ ಒಂದು ನಾಣ್ಯವಿಟ್ಟು, ಕಣ್ಣು ಕಿರಿದು ಮಾಡಿ ನೋಡಿದಳು. "ಎಡಗಡೆ ಎತ್ತರ. ಇನ್ನೊಂದ್ಸಲ." ಮತ್ತೆ ಮಾಡಿದೆ. "ಇನ್ನೂ ಇದೆ." ಮೂವತ್ತು ವರ್ಷದಲ್ಲಿ ನನ್ನ ಕೆಲಸ ವಾಪಸ್ಸು ಮಾಡಿದವರಿಲ್ಲ. ನಾಲ್ಕು ಸಲ ಮಾಡಿಸಿದಳು. ನಾಲ್ಕು ಸಲವೂ ಮಾಡಿದೆ.

ಸ್ಕೇಟ್ಸ್ ಪೆಟ್ಟಿಗೆಗೆ ಸೇರಿಸುವಾಗ ಟಿವಿಯವನೊಬ್ಬ ಮನೆಯ ವಿಳಾಸ ಹುಡುಕಿಕೊಂಡು ಹೋಗಿ, ಅಲ್ಲಿಂದ ಶೆಡ್ಡಿಗೆ ಬಂದ. ಅವನ ಕೈಯಲ್ಲಿದ್ದದ್ದು ಶಿಬಿರಕ್ಕೆ ಮುಂಚಿನ ಇಪ್ಪತ್ತಾರು ಜನರ ಹಳೆಯ ಪಟ್ಟಿ. ಮೈಕನ್ನು ಅವಳ ಮುಖಕ್ಕೆ ಹಿಡಿದು, "ಮೇಡಂ, ಈ ಸಲ ಕಪ್ ನಮ್ದೇನಾ?" ಎಂದ. ನನ್ನ ನೆತ್ತಿಗೇರಿತು. ಸ್ಪ್ಯಾನರ್ ಹಿಡಿದೇ ಎದ್ದೆ. ಅವಳು ಕಣ್ಣಲ್ಲೇ ನನ್ನನ್ನು ಕೂರಿಸಿದಳು.

"ನಾನು ಟೀಮಲ್ಲಿ ಇಲ್ಲ ಸಾರ್" ಎಂದಳು.

ಅವನು ಪಟ್ಟಿ ನೋಡಿದ, ಅವಳನ್ನು ನೋಡಿದ, ಕ್ಯಾಮೆರಾದವನನ್ನು ನೋಡಿದ. ಇಷ್ಟು ದೂರ ಬಂದದ್ದು ದಂಡವಾಗಬಾರದಲ್ಲ. "ಪರ್ವಾಗಿಲ್ಲ ಮೇಡಂ, ಸ್ಕೇಟ್ಸ್ ಹಿಡ್ಕೊಂಡು ಆಲ್ ದಿ ಬೆಸ್ಟ್ ಅಂದ್ಬಿಡಿ."

"ಇದು ನಂದಲ್ಲ."

"ಟಿವೀಲಿ ಯಾರಿಗ್ ಗೊತ್ತಾಗತ್ತೆ?"

ಅವಳು ಪೆಟ್ಟಿಗೆ ಮುಚ್ಚಿ, ಟೇಪು ಸುತ್ತಿ, "ಅಪ್ಪ, ಕೊರಿಯರ್ ಅಂಗಡಿ ಮುಚ್ತಾನೆ, ಗಾಡಿ ತೆಗೀರಿ" ಎಂದಳು. ಹೊಸಹಳ್ಳಿಯ ಕೊರಿಯರ್ ಅಂಗಡಿಯವರೆಗೆ ಪೆಟ್ಟಿಗೆಯನ್ನು ನನ್ನ ಬೆನ್ನಿಗೂ ತನ್ನ ಎದೆಗೂ ನಡುವೆ ಒತ್ತಿ ಹಿಡಿದು ಕೂತಿದ್ದಳು. ಅದರ ಮೂಲೆ ನನ್ನ ಬೆನ್ನಿಗೆ ಚುಚ್ಚುತ್ತಿತ್ತು.

ಐದು ದಿನ ಕಳೆದು ಒಂದು ಸಂಜೆ ನಾನು ಕಾಫಿ ಕುಡಿಯುತ್ತಿದ್ದಾಗ ಅವಳು ಫೋನು ತಂದು ನನ್ನ ಕಿವಿಗೆ ಹಿಡಿದಳು. ಬೆಟ್ಟದ ಹುಡುಗಿಯ ಸಂದೇಶ. ಮೊದಲು ಆ ಹುಡುಗಿ ಹಿಂದಿಯಲ್ಲಿ "ಕೇಳು" ಎಂದಳು. ಆಮೇಲೆ ದೂರದಿಂದ ಹತ್ತಿರ ಹತ್ತಿರ ಬರುವ ಕರಕರ ಸದ್ದು, ಕೊನೆಯಲ್ಲಿ ಸರ್ರ್. ಮತ್ತೆ ಮೌನ. ಆ ಹುಡುಗಿ ನಿಂತಿದ್ದಳು, ಇದ್ದ ಜಾಗದಲ್ಲೇ.

"ಇದೇ ಆ ಸೌಂಡ್" ಎಂದಳು ನನ್ನ ಮಗಳು.

ಇನ್ನೊಂದು ಸಲ ಹಾಕು ಎಂದೆ. ಹಾಕಿದಳು. ಒಳ್ಳೆಯ ಕೆಲಸ ಮಾಡಿದಾಗ ಆಗುವ ಸಂತೋಷ ಒಂದು ಕ್ಷಣ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದು ನನ್ನ ಮಗಳು ಮಾಡಬೇಕಾಗಿದ್ದ ಸದ್ದು. ಕಾಫಿ ಲೋಟ ಕೆಳಗಿಟ್ಟೆ. ಅವಳು ಫೋನು ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಆ ಸದ್ದು ಮತ್ತೆ ಕೇಳಿಸಿತು. ಮತ್ತೊಂದು ಸಲ ಕೇಳಿಸಿತು. ನಾನು ಹೊರಗೆ ಕೂತು, ನಿಲ್ಲಿಸು ಎನ್ನಲಾಗದೆ, ಅವಳು ಎಷ್ಟು ಸಲ ಹಾಕಿದಳೋ ಅಷ್ಟೂ ಸಲ ಕೇಳಿದೆ.