ನೀಲಾಳ ವಯಸ್ಸು ಇಳಿಸಲು ಔರಾದಕ್ಕೆ

ಶ್ರಾವಣದ ಒಂದು ಸೋಮವಾರ ಬೆಳಗ್ಗೆ ಏಳಕ್ಕೆ ನಾನೂ ನನ್ನ ತಂಗಿಯ ಮಗಳು ನೀಲಾಳೂ ಬೀದರಿನಲ್ಲಿ ಔರಾದದ ಮೋಟಾರು ಹತ್ತಿದೆವು. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ವರ್ಷವಾಗಿತ್ತು. ನಿಜಾಮರ ‘ಹಾಲಿ’ ಎಂಬ ನಾಣ್ಯ ಇನ್ನೂ ನಡೆಯುತ್ತಿದ್ದರೂ ಕಂಡಕ್ಟರ್ ಭಾರತ ಸರ್ಕಾರದ ಕಲ್ದಾರ ರೂಪಾಯಿಯೇ ಬೇಕೆಂದು ಹಟ ಹಿಡಿದ. ನಾನು ಲೆಕ್ಕದ ಮಾಸ್ತರ. ಎರಡೂ ನಾಣ್ಯಗಳ ತಫಾವತನ್ನು ಅವನಿಗೆ ಬಿಡಿಸಿ ಹೇಳುವಷ್ಟರಲ್ಲಿ ಹಿಂದಿನವರು ಗೊಣಗತೊಡಗಿದರು. "ಮಾಮಾ, ಕೊಟ್ಟುಬಿಡ್ರಿ. ಇದು ಸಾಲಿ ಅಲ್ಲ" ಎಂದು ನೀಲಾ ನನ್ನ ತೋಳು ಎಳೆದಳು.

ಅವಳ ಕೈಚೀಲದಲ್ಲಿ ಹೈದರಾಬಾದಿನಿಂದ ಬಂದ ಒಂದು ಕಾಗದವಿತ್ತು. ಇಂಟರ್ ಮುಗಿಸಿದ ನೀಲಾ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ವಿಲಾಯತಿಯಲ್ಲಿ ಡಾಕ್ಟರಿಕೆ ಓದಲು ಆಯ್ಕೆಯಾಗಿದ್ದಳು. ಆದರೆ ಷರತ್ತುಗಳು ಮಾರುದ್ದ ಇದ್ದವು. ವಿಜ್ಞಾನ ಓದಿ ಪಾಸಾಗಿರಬೇಕು, ಸಂಸ್ಥಾನದವಳೇ ಎಂಬುದಕ್ಕೆ ಮುಲ್ಕಿ ಪತ್ರ ಬೇಕು, ಸಿಡುಬಿನ ಲಸಿಕೆಯ ಚೀಟಿ ಬೇಕು. ಅಲ್ಲಿಯ ಕಾಲೇಜು ಕೊಡುವ ಪದವಿಯನ್ನು ನಮ್ಮ ದೇಶದಲ್ಲಿ ಒಪ್ಪಿಕೊಂಡಿರಬೇಕು, ಇಲ್ಲವಾದರೆ ಕಲಿತು ಬಂದರೂ ನಾಡಿ ಹಿಡಿಯುವಂತಿಲ್ಲ. ಓದು ಮುಗಿದ ಮೇಲೆ ಮರಳಿ ಬಂದು ಸೇವೆ ಮಾಡುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. ಇವೆಲ್ಲ ಹೇಗೋ ಕೂಡಿಬಂದಿದ್ದವು. ಸಿಕ್ಕಿಕೊಂಡದ್ದು ಕೊನೆಯ ಷರತ್ತಿನಲ್ಲಿ: ಹಡಗು ಹತ್ತುವ ದಿನಕ್ಕೆ ಇಪ್ಪತ್ತು ತುಂಬಿರಬಾರದು. ಔರಾದದ ಶಾಲೆಯ ದಾಖಲೆಯ ಪ್ರಕಾರ ಅವಳಿಗೆ ಇಪ್ಪತ್ತು ತುಂಬಿ ನಾಲ್ಕು ತಿಂಗಳಾಗಿತ್ತು. ಹದಿನೈದು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ಜಾಗ ಮುಂದಿನವರಿಗೆ ಹೋಗುತ್ತದೆ ಎಂದು ಕಾಗದ ಹೇಳುತ್ತಿತ್ತು.

ದಾಖಲೆ ಸುಳ್ಳಾಗಿತ್ತು. ಅವಳಿಗೆ ಆಗಿದ್ದದ್ದು ಹತ್ತೊಂಬತ್ತು. ಆ ಸುಳ್ಳು ಬರೆದವನು ಅವಳ ಪಕ್ಕದಲ್ಲೇ ಕುಳಿತು ನೆನೆದ ಕಡಲೆ ತಿನ್ನುತ್ತಿದ್ದ ನಾನು.

ನೀಲಾ ಹುಟ್ಟಿದ ದಿನವೇ ನನ್ನ ತಂಗಿ ತೀರಿಕೊಂಡಳು. ತಂದೆ ಬೇರೆ ಮದುವೆಯಾಗಿ ದೂರ ಹೋದ. ಕೂಸನ್ನು ನಾನೂ ನನ್ನ ಹೆಂಡತಿಯೂ ಸಾಕಿದೆವು. ತಾಯಿಯನ್ನು ನುಂಗಿದ ಕೂಸು ಎಂದು ಓಣಿಯಲ್ಲಿ ಯಾರೋ ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಆಗ ನಾನು ಔರಾದದಲ್ಲಿ ಮಾಸ್ತರ. ಆ ಮಾತು ಅವಳನ್ನು ಮುಟ್ಟಬಾರದೆಂದು, ಮಗು ಶಾಲೆಗೆ ಬಂದ ದಿನ ವಯಸ್ಸನ್ನು ಒಂದು ವರ್ಷ ಮೂರು ತಿಂಗಳು ಏರಿಸಿ ಬರೆದುಬಿಟ್ಟೆ. ಅವ್ವ ಜ್ವರದಿಂದ ಹೋದಾಗ ನೀನು ನಡೆದಾಡುತ್ತಿದ್ದಿ ಎಂದು ಅವಳಿಗೆ ಹೇಳಿಕೊಂಡು ಬಂದೆವು. ಈಗಲೂ ಅವಳಿಗೆ ಅಷ್ಟೇ ಗೊತ್ತು. ಶಾಲೆಯವರ ಕೈತಪ್ಪು ಎಂದು ಹೇಳಿ ಕರೆದುಕೊಂಡು ಹೊರಟಿದ್ದೆ. ಕಾರಣ ಬಾಯಿಬಿಡದೆ ಕೆಲಸ ಮುಗಿಸಿಕೊಂಡು ಬರುವ ಆಸೆ ನನ್ನದು.

ಮಾಂಜ್ರಾ ಹೊಳೆ ದಾಟುವಲ್ಲಿ ನೀರು ಏರಿತ್ತು. ಒಂದು ತಾಸು ನಿಂತೆವು. ಇಪ್ಪತ್ತೈದು ಮೈಲಿ ಚಿಲ್ಲರೆ ದಾರಿಗೆ ಐದು ತಾಸು ಹಿಡಿದು, ಕರಿಮಣ್ಣು ಮೆತ್ತಿಕೊಂಡ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಔರಾದದ ಶಾಲೆಯ ಮೆಟ್ಟಿಲು ಹತ್ತಿದೆವು.

ಹೆಡ್ ಮಾಸ್ತರ ಖಾದರ್ ಸಾಹೇಬರು ನನ್ನ ಹಳೆಯ ಜೊತೆಗಾರರು. ಪೊಲೀಸ್ ಕಾರ್ಯಾಚರಣೆಯ ಗಲಾಟೆಯ ದಿನಗಳಲ್ಲಿ ಶಾಲೆ ಮುಚ್ಚಿದಾಗ ರಜಿಸ್ಟರುಗಳನ್ನೆಲ್ಲ ಮನೆಗೆ ಒಯ್ದು ಜೋಳದ ಕಣಜದಲ್ಲಿ ಹೂತಿಟ್ಟು ಉಳಿಸಿದವರು. ಅದೇ ದಿನಗಳಲ್ಲಿ ಅವರು ತಮ್ಮನನ್ನು ಕಳೆದುಕೊಂಡಿದ್ದರು. ಆ ಮಾತು ನಾನೂ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನನಗೆ ಕಣ್ಣು ತುಂಬಿ ಬಂತು.

ಉರ್ದು ರಜಿಸ್ಟರ್ ಬಿಚ್ಚಿದಾಗ ಈಗಲೂ ಎರಡು ಜೋಳದ ಕಾಳು ಉದುರಿದವು. ನೀಲಾಳ ಹೆಸರಿನ ಸಾಲಿನ ಮೇಲೆ ಅವರ ಬೆರಳು ನಿಂತಿತು. ಅಕ್ಷರ ಯಾರದೆಂದು ಅವರಿಗೆ ತಕ್ಷಣ ತಿಳಿಯಿತು. "ಬೇಟಿ, ಒಳಗ ಹೋಗಿ ನಮ್ಮ ಮನಿಯವರಿಗೆ ಚಹಾ ಇಡಾಕ ಹೇಳವ್ವಾ" ಎಂದು ಹುಡುಗಿಯನ್ನು ಶಾಲೆಗೆ ಅಂಟಿಕೊಂಡಿದ್ದ ತಮ್ಮ ಮನೆಗೆ ಕಳಿಸಿ ನನ್ನ ಕಡೆ ತಿರುಗಿದರು.

"ಶಂಕ್ರಪ್ಪ ಮಾಸ್ತರ್, ಮುಂದ ನೌಕರಿ ನಾಕು ದಿನ ಜಾಸ್ತಿ ಸಿಗಲಿ ಅಂತ ಎಲ್ಲಾ ಮಾಸ್ತರೂ ಉಮರ್ ಇಳಿಸಿ ಬರೀತಾರ. ನಾನೂ ಎಷ್ಟೋ ಮಂದೀದು ಇಳಿಸೀನಿ. ಏರಿಸಿ ಬರದವರು ಇಡೀ ಜಿಲ್ಲಾದಾಗ ನೀವೊಬ್ಬರೇ ಇರಬೇಕು ನೋಡ್ರಿ!"

ನಾನು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಬರದವರೇ ಬಯಾನ್ ಬರದು ಕೊಡಬೇಕ್ರಿ. ಅದರಾಗ ಕಾರಣ ಇರಬೇಕು. ಕಾರಣ ಇಲ್ಲದ ಕಾಗದಕ್ಕ ಬೀದರದಾಗ ಯಾರೂ ಮೊಹರು ಹಾಕಂಗಿಲ್ಲ. ವಯಸ್ಸು ಇಳಸ್ರಿ ಅಂತ ದಿನಾ ಹತ್ತು ಮಂದಿ ಬರ್ತಾರ. ಸೂಲಗಿತ್ತಿ ಸಾಕ್ಷಿನೂ ಬೇಕು. ಹೆರಿಗಿ ಮಾಡಿಸಿದ ತಿಪ್ಪವ್ವ ಈಗ ಭಾಲ್ಕ್ಯಾಗ ಮಗಳ ಮನ್ಯಾಗ ಇದ್ದಾಳ."

"ಕಾರಣ ಬರದ್ರ ನೀಲಾ ಓದ್ತಾಳಲ್ರಿ."

"ಓದೂಕಿಂತ ಮೊದಲ ನೀವೇ ಹೇಳ್ರಿ" ಎಂದರು ಖಾದರ್ ಸಾಹೇಬರು.

ಬಯಾನನ್ನು, ಎಂದರೆ ನನ್ನ ತಪ್ಪೊಪ್ಪಿಗೆಯ ಹೇಳಿಕೆಯನ್ನು, ಅಲ್ಲಿಯೇ ಬರೆದೆ. ಕಾರಣದ ಜಾಗದಲ್ಲಿ ಮೂರು ಸಾಲು ಖಾಲಿ ಬಿಟ್ಟೆ. ರಜಿಸ್ಟರಿನ ಆ ಸಾಲಿನ ನಕಲು ತೆಗೆದು ಅವರು ಸಹಿ ಮಾಡಿಕೊಟ್ಟರು. ಅಂದು ಅವರ ಮನೆಯಲ್ಲೇ ಉಳಿದೆವು. ಅವರ ಮನೆಯವರು ಮಾಂಸ ತಿನ್ನದ ನಮಗಾಗಿ ಹೊಸ ಗಡಿಗೆಯಲ್ಲಿ ಬೇಳೆ ಬೇಯಿಸಿ ಜೋಳದ ರೊಟ್ಟಿ ಬಡಿದರು. ಅಂಥ ಬೇಳೆ ನಾನು ಆಮೇಲೆ ಎಲ್ಲೂ ಉಂಡಿಲ್ಲ.

ಭಾಲ್ಕಿಯ ರೈಲು ಹಿಡಿಯಲು ಮಂಗಳವಾರ ನಸುಕಿನಲ್ಲೇ ಕಮಲನಗರದ ಸಂತೆಗೆ ಹೊರಟ ಎತ್ತಿನ ಗಾಡಿಯಲ್ಲಿ ಕುಳಿತೆವು. ದಾರಿಯುದ್ದಕ್ಕೂ ಉದ್ದು, ಹೆಸರಿನ ಹೊಲಗಳು. ನೀಲಾ ಮಾತಾಡುತ್ತಲೇ ಇದ್ದಳು: ಹಡಗಿನಲ್ಲಿ ರೊಟ್ಟಿ ಸಿಗುತ್ತದೆಯೋ ಇಲ್ಲವೋ, ಅಲ್ಲಿಯ ಚಳಿಗೆ ಕಂಬಳಿ ಒಯ್ಯಬೇಕೋ ಹೇಗೆ. ನಾನು ಹ್ಞೂಂ ಹ್ಞೂಂ ಎನ್ನುತ್ತಿದ್ದೆ. ಕಮಲನಗರದಲ್ಲಿ ರೈಲಿಗೆ ಇನ್ನೂ ಎರಡು ತಾಸಿತ್ತು. ಸ್ಟೇಷನ್ನಿನ ಬೇವಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದೆವು. ಪಕ್ಕದಲ್ಲಿ ಇಬ್ಬರು ವ್ಯಾಪಾರಿಗಳು ಮರಾಠಿಯಲ್ಲಿ ಕಾಳಿನ ಧಾರಣೆ ವಿಚಾರಿಸಿಕೊಳ್ಳುತ್ತಿದ್ದರು. ಅವರು ಎದ್ದು ಹೋಗಲೆಂದು ಕಾದೆ. ಅವರು ಹೋದರು, ನಾನು ಇನ್ನೊಂದು ರೊಟ್ಟಿ ತೆಗೆದುಕೊಂಡೆ.

ಕೊನೆಗೆ ಬಯಾನಿನ ಕಾಗದ ತೆಗೆದು ಅವಳ ಮುಂದೆ ಹಿಡಿದೆ. "ಈ ಜಾಗಾ ಖಾಲಿ ಅದ ನೋಡವ್ವಾ. ಇಲ್ಲಿ ಏನು ಬರೀಬೇಕು ಅಂದ್ರ..." ಎಂದು ಶುರು ಮಾಡಿ, ಹುಟ್ಟಿದ ದಿನದಿಂದ ಶಾಲೆಯ ದಿನದವರೆಗೆ ಒಂದೇ ಉಸಿರಿಗೆ ಹೇಳಿಬಿಟ್ಟೆ.

ನೀಲಾ ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ತಿನ್ನಲೂ ಇಲ್ಲ, ಕೆಳಗೆ ಇಡಲೂ ಇಲ್ಲ. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಒಂದೇ ಮಾತು ಕೇಳಿದಳು.

"ಅವ್ವ ನನ್ನ ನೋಡಿದ್ಳೇನ್ರಿ ಮಾಮಾ?"

ನನಗೆ ಗೊತ್ತಿರಲಿಲ್ಲ. ಆ ದಿನ ನಾನು ಹೊರಗಿನ ಪಡಸಾಲೆಯಲ್ಲಿದ್ದೆ. ಹತ್ತೊಂಬತ್ತು ವರ್ಷ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ ಎಂಬುದಕ್ಕೆ ನಾಚಿಕೆಯಾಯಿತು. ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ಆ ಮೂರು ಸಾಲು ತುಂಬಿದೆ.

ಭಾಲ್ಕಿಯಲ್ಲಿ ಇಳಿದಾಗ ಸಣ್ಣ ಮಳೆ. ತಿಪ್ಪವ್ವನ ಮಗಳ ಮನೆ ಸ್ಟೇಷನ್ನಿಗೆ ಹತ್ತಿರ. ಮುದುಕಿಗೆ ಕಣ್ಣು ಮಂಜಾಗಿದ್ದರೂ ನೀಲಾಳ ಮುಖ ಸವರಿ ಗುರುತು ಹಿಡಿದಳು. ನಾವು ಬಂದ ಕೆಲಸ ಕೇಳಿ, ಸಾಕ್ಷಿಗಿಂತ ಮೊದಲು ತಾನೇ ಪ್ರಶ್ನೆ ಹಾಕಿದಳು.

"ಅಷ್ಟು ದೂರ ಕಲ್ತು ಬಂದ್ರ ಇಲ್ಲಿ ಸೂಜಿ ಹಾಕಾಕ ಬಿಡ್ತಾರೇನು ಮತ್ತ?"

"ಬಿಡ್ತಾರ ಆಯಿ. ಆ ಪದವಿ ಇಲ್ಲಿ ನಡೀತದ ಅಂತ ಬರದು ಕೊಟ್ಟಾರ" ಎಂದಳು ನೀಲಾ.

"ನಂಗ ಯಾರೂ ಕಾಗದ ಕೇಳಲಿಲ್ಲ ನೋಡು. ಕೇಳಿದ್ರ ಛೊಲೋ ಇತ್ತೇನೋ. ನಿಮ್ಮವ್ವಗ ರಕ್ತ ನಿಲ್ಲಲಿಲ್ಲ. ನನಗ ತಿಳಿದಿದ್ದು ಎಲ್ಲಾ ಮಾಡಿದ್ನಿ ತಂಗಿ. ತಿಳಿದಿದ್ದೇ ಅಷ್ಟು." ಮುದುಕಿ ನೀಲಾಳ ಕೈ ಹಿಡಿದುಕೊಂಡಳು. "ಕಾರ ಹುಣ್ಣಿವಿ ಮರುದಿನ ಅದು. ಎತ್ತಿನ ಕೋಡಿನ ಬಣ್ಣ ಇನ್ನೂ ಹೋಗಿರಲಿಲ್ಲ."

ನೀಲಾ ಅವಳ ಮೊಣಕಾಲಿಗೆ ಹತ್ತಿಕೊಂಡು ಕುಳಿತಳು. "ಆಯಿ, ಅವ್ವ ನನ್ನ ನೋಡಿದ್ಳಾ?"

"ನೋಡದೇ? ನಿನ್ನ ಒರಸಿ ಆಕಿ ಎದಿ ಮ್ಯಾಲ ಹಾಕಿದ್ನಿ. ಮೂಗು ನೋಡಿ, ನಮ್ಮಣ್ಣನ ಮೂಗು ಬಂದದ ಅಂತ ನಕ್ಕಳು. ನಕ್ಕೊಂತನೇ ಕಣ್ಣು ಮುಚ್ಚಿದ್ಳು."

ನನ್ನ ಮೂಗನ್ನು ನಾನು ಎಂದೂ ಇಷ್ಟಪಟ್ಟವನಲ್ಲ. ಅಲ್ಲಿ ಕೂರಲಾಗದೆ ಹೊರಗೆ ಹೋಗಿ ಮಳೆಯಲ್ಲಿ ನಿಂತು ಚೆನ್ನಾಗಿ ಅತ್ತೆ. ಒಳಗೆ ಬಂದಾಗ ಬಯಾನಿನ ಕೆಳಗೆ ತಿಪ್ಪವ್ವನ ಹೆಬ್ಬೆಟ್ಟು ಬಿದ್ದಿತ್ತು. ಅವಳ ಬೆರಳಿನ ಮಸಿಯನ್ನು ನೀಲಾ ತನ್ನ ಸೆರಗಿನಿಂದ ಒರೆಸುತ್ತಿದ್ದಳು.

ಆ ಕಾಗದಕ್ಕೆ ಬುಧವಾರ ಬೀದರಿನ ಶಿಕ್ಷಣ ಇಲಾಖೆಯ ದಫ್ತರದಲ್ಲಿ ಮೊಹರು ಬಿತ್ತು. ಸುಳ್ಳು ಬರೆದ ತಪ್ಪಿಗೆ ನನ್ನ ಒಂದು ವರ್ಷದ ಸಂಬಳದ ಬಡ್ತಿ ತಡೆದರು. ಒಂದು ವರ್ಷ ಏರಿಸಿದವನಿಗೆ ಒಂದು ವರ್ಷ ಕಡಿತ, ಲೆಕ್ಕ ಸರಿಯಾಗಿಯೇ ಇತ್ತು. ಮೂರು ತಿಂಗಳನ್ನು ಅವರು ಮಾಫಿ ಮಾಡಿದರೆಂದು ನಾನು ಹೆಂಡತಿಗೆ ಹೇಳಿದೆ. ನೀಲಾ ಆ ವರ್ಷವೇ ಹಡಗು ಹತ್ತಿದಳು.

ಆದರೆ ನನಗೆ ಆ ಪ್ರಯಾಣ ಮುಗಿದದ್ದು ಮಂಗಳವಾರ ಸಂಜೆ, ಭಾಲ್ಕಿಯಿಂದ ಬೀದರಿಗೆ ಬರುವ ರೈಲಿನಲ್ಲಿ. ಪ್ರತಿ ವರ್ಷ ಕಾರ ಹುಣ್ಣಿಮೆಯ ಮರುದಿನ ತಂಗಿಯ ಪುಣ್ಯತಿಥಿಗೆ ನಾನು ಭಾಲ್ಕಿಯ ಪೇಢೆ ತರಿಸುತ್ತಿದ್ದೆ. ಎಡೆ ಹಿಡಿಯುವ ಮೊದಲೇ ಒಂದನ್ನು ನೀಲಾಳ ಬಾಯಿಗೆ ಹಾಕುತ್ತಿದ್ದೆ. ಸತ್ತವರಿಗಿಂತ ಮೊದಲು ಮಗುವಿಗೇನು ಅವಸರ ಎಂದು ನೆರೆಯವರು ಅಂದರೂ ಕೇಳುತ್ತಿರಲಿಲ್ಲ.

ರೈಲು ಹಲಬರ್ಗಾ ಬಿಟ್ಟ ಮೇಲೆ ನೀಲಾ ಸೆರಗಿನಿಂದ ಒಂದು ಎಲೆಯ ಪೊಟ್ಟಣ ತೆಗೆದಳು. ಸ್ಟೇಷನ್ನಿನ ಎದುರಿನ ಅಂಗಡಿಯಲ್ಲಿ ನನಗೆ ಕಾಣದಂತೆ ಕೊಂಡಿದ್ದ ಪೇಢೆ. ಒಂದನ್ನು ಮುರಿದು ಅರ್ಧ ನನ್ನ ಬಾಯಿಗೆ ಹಾಕಿದಳು.

"ಎಡಿಗಿಂತ ಮೊದಲ ನನಗ ಯಾಕ ತಿನ್ನಸ್ತಿದ್ರಿ ಅಂತ ಈಗ ತಿಳೀತ್ರಿ ಮಾಮಾ. ನೀವು ಒಂದು ವರ್ಷನೂ ನನ್ನ ಹುಟ್ಟಿದ ದಿನ ತಪ್ಪಿಸಿಲ್ಲ."